ವ್ಯಾಸರಾಯರು

ವ್ಯಾಸರಾಯರು (ವ್ಯಾಸತೀರ್ಥರು, ನಿಧನ: 1539) ದ್ವೈತ ವೇದಾಂತದ ಪ್ರಮುಖ ಆಚಾರ್ಯರಲ್ಲಿ ಒಬ್ಬರು, ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾದ ಯತಿಗಳು ಹಾಗೂ ಕನ್ನಡದ ಕೀರ್ತನಕಾರರು. ಸಂಪ್ರದಾಯವು ಇವರನ್ನು ಪುರಂದರದಾಸರ ಮತ್ತು ಕನಕದಾಸರ ಗುರುಗಳೆಂದು ಗುರುತಿಸುತ್ತದೆ. ಇವರ ಬೃಂದಾವನವು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ ಇದೆ. ಹಾಡಿನ ಕರ್ತೃತ್ವವನ್ನು ಅಂಕಿತದ ಮೂಲಕ ಗುರುತಿಸುವ ಹರಿದಾಸ ಪದ್ಧತಿಯನ್ನು ತಿಳಿಯಲು ಇವರ ಕೀರ್ತನೆಗಳು ಒಳ್ಳೆಯ ಉದಾಹರಣೆಯಾಗಿವೆ.

ಜೀವನ

ವ್ಯಾಸರಾಯರು 15ನೆಯ ಶತಮಾನದಲ್ಲಿ ಇಂದಿನ ಮೈಸೂರು ಜಿಲ್ಲೆಯ ಬನ್ನೂರಿನಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಯತಿರಾಜ. ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಸನ್ಯಾಸ ಸ್ವೀಕರಿಸಿದರು. ಕಂಚಿಯಲ್ಲಿ ಶಾಸ್ತ್ರಾಧ್ಯಯನ ನಡೆಸಿ, ಬಳಿಕ ಮುಳಬಾಗಿಲಿನ ಶ್ರೀಪಾದರಾಜರಲ್ಲಿ ವ್ಯಾಸಂಗ ಮುಂದುವರಿಸಿದರು. ಶ್ರೀಪಾದರಾಜರು ಸ್ವತಃ ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದ್ದರು. ಶಿಷ್ಯರೂ ಅದೇ ಹಾದಿಯಲ್ಲಿ ನಡೆದರು.

ಸಾಳುವ ನರಸಿಂಹನ ಕಾಲದಲ್ಲಿ ಚಂದ್ರಗಿರಿಯಲ್ಲಿಯೂ ಅನಂತರ ವಿಜಯನಗರದಲ್ಲಿಯೂ ಅವರಿಗೆ ರಾಜಮನ್ನಣೆ ದೊರೆಯಿತು. ಕೃಷ್ಣದೇವರಾಯನು (ಆಳ್ವಿಕೆ: 1509–1529) ಅವರಿಗೆ ಗ್ರಾಮಗಳನ್ನು ದಾನವಿತ್ತುದಕ್ಕೆ ಶಾಸನಾಧಾರಗಳಿವೆ. ಹಂಪಿಯ ಯಂತ್ರೋದ್ಧಾರಕ ಹನುಮಂತನನ್ನು ಪ್ರತಿಷ್ಠಾಪಿಸಿದವರು ಇವರೇ ಎಂಬುದು ಪ್ರತೀತಿ. ಸೋಮನಾಥ ಕವಿಯ ಸಂಸ್ಕೃತ ಚಂಪೂಕಾವ್ಯವಾದ ವ್ಯಾಸಯೋಗಿಚರಿತವು ಇವರ ಜೀವನಕ್ಕೆ ಮುಖ್ಯ ಆಕರವಾಗಿದೆ.

1539ರಲ್ಲಿ ನಿಧನರಾದ ವ್ಯಾಸರಾಯರ ಬೃಂದಾವನವು ಆನೆಗೊಂದಿಯ ಬಳಿ ತುಂಗಭದ್ರಾ ನದಿಯ ನಡುಗಡ್ಡೆಯಲ್ಲಿದೆ. ಒಂಬತ್ತು ಯತಿಗಳ ಬೃಂದಾವನಗಳಿರುವ ಕಾರಣ ಈ ಸ್ಥಳಕ್ಕೆ ನವಬೃಂದಾವನವೆಂಬ ಹೆಸರು ಬಂದಿದೆ.

ಕೃತಿಗಳು

ಸಂಸ್ಕೃತದಲ್ಲಿ ಅವರು ರಚಿಸಿದ ನ್ಯಾಯಾಮೃತ, ತರ್ಕತಾಂಡವ ಮತ್ತು ತಾತ್ಪರ್ಯಚಂದ್ರಿಕಾ ಗ್ರಂಥಗಳನ್ನು ಒಟ್ಟಾಗಿ ವ್ಯಾಸತ್ರಯವೆಂದು ಕರೆಯಲಾಗುತ್ತದೆ. ಕನ್ನಡ ಕೀರ್ತನೆಗಳಲ್ಲಿ ಅವರ ಅಂಕಿತ ಶ್ರೀಕೃಷ್ಣ ಅಥವಾ ಸಿರಿಕೃಷ್ಣ. ಶಾಸ್ತ್ರಾಧ್ಯಯನ ನಿರತರಾದ ವಿದ್ವಾಂಸರ ವ್ಯಾಸಕೂಟ ಹಾಗೂ ಕನ್ನಡದಲ್ಲಿ ಹಾಡಿ ಭಕ್ತಿಯನ್ನು ಹರಡಿದವರ ದಾಸಕೂಟ ಎರಡಕ್ಕೂ ಅವರು ಆಶ್ರಯವಾಗಿದ್ದರು.

ಅಂಕಿತ ಮತ್ತು ಕರ್ತೃತ್ವ

ಹರಿದಾಸರ ಪದದ ಕೊನೆಯ ಚರಣದಲ್ಲಿ ಬರುವ ಅಂಕಿತವು ಸಾಮಾನ್ಯವಾಗಿ ದೇವರ ಹೆಸರು. ಹಾಡಿನ ಫಲ ದೇವರಿಗೆ ಸಲ್ಲುತ್ತದೆ. ಅದೇ ಹೆಸರಿನಿಂದ ಹಾಡಿದವರು ಯಾರೆಂಬುದೂ ತಿಳಿಯುತ್ತದೆ. ಪುರಂದರವಿಠಲ, ಕಾಗಿನೆಲೆಯ ಆದಿಕೇಶವ, ವಾದಿರಾಜರ ಹಯವದನ ಮುಂತಾದ ಅಂಕಿತಗಳು ಒಂದರಿಂದ ಒಂದು ಸ್ಪಷ್ಟವಾಗಿ ಬೇರೆಯಾಗಿವೆ. ಅಂಕಿತವನ್ನು ಗುರುವಿನಿಂದ ಪಡೆಯುವುದು ವಾಡಿಕೆಯಾದ್ದರಿಂದ ಅದು ಪರಂಪರೆಯ ಗುರುತೂ ಹೌದು.

ಈ ವ್ಯವಸ್ಥೆ ಮುಂದೆ ಇನ್ನಷ್ಟು ಸೂಕ್ಷ್ಮವಾಯಿತು. 18ನೆಯ ಶತಮಾನದಲ್ಲಿ ರಾಯಚೂರು ಸೀಮೆಯ ವಿಜಯದಾಸರ ಶಿಷ್ಯರಾದ ಗೋಪಾಲದಾಸರು ಗೋಪಾಲವಿಠಲ ಎಂಬ ಅಂಕಿತದಿಂದ ರಚಿಸಿದರೆ, ಅವರ ಮೂವರು ತಮ್ಮಂದಿರು ಗುರುಗೋಪಾಲವಿಠಲ, ವರದಗೋಪಾಲವಿಠಲ ಮತ್ತು ತಂದೆಗೋಪಾಲವಿಠಲ ಎಂಬ ಅಂಕಿತಗಳನ್ನು ಬಳಸಿದರು. ಒಂದೇ ಮನೆಯ ನಾಲ್ವರ ರಚನೆಗಳು ಒಂದರೊಳಗೊಂದು ಕರಗದೆ ಉಳಿದುದು ಇದರಿಂದ. ಇದಕ್ಕೆ ವ್ಯತಿರಿಕ್ತವಾಗಿ, ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಒಬ್ಬರೇ ರಚಿಸಿದ ಹಾಡನ್ನೂ ಇಬ್ಬರ ಜಂಟಿ ಹೆಸರಿನಲ್ಲಿ ಪ್ರಕಟಿಸುತ್ತಿದ್ದರು.

ವ್ಯಾಸರಾಯರ ಅಂಕಿತದಲ್ಲಿ ಒಂದು ತೊಡಕಿದೆ. ಶ್ರೀಕೃಷ್ಣ ಎಂಬುದು ಯಾವ ದಾಸರ ಪದದಲ್ಲಿಯೂ ಸಹಜವಾಗಿ ಬರಬಹುದಾದ ಹೆಸರು. ಆದ್ದರಿಂದ ಅಂಕಿತವೊಂದನ್ನೇ ಆಧರಿಸಿ ಪದವೊಂದು ಅವರದೆಂದು ನಿರ್ಣಯಿಸುವುದು ಕಷ್ಟ. ಹಸ್ತಪ್ರತಿ, ಭಾಷೆ ಮತ್ತು ಹಾಡುವ ಪರಂಪರೆಯನ್ನೂ ಪರಿಶೀಲಿಸಬೇಕಾಗುತ್ತದೆ. ಬಾಯಿಂದ ಬಾಯಿಗೆ ಸಾಗಿದ ಸಾಹಿತ್ಯದಲ್ಲಿ ಒಬ್ಬರ ಪದ ಮತ್ತೊಬ್ಬರ ಹೆಸರಿಗೆ ಸೇರುವುದು ಅಪರೂಪವಲ್ಲ.

ಧಾಟಿಯ ಪ್ರಶ್ನೆ

ಅಂಕಿತವು ಸಾಹಿತ್ಯದ ಕರ್ತೃವನ್ನು ಮಾತ್ರ ಕಾಪಾಡಿತು. ದಾಸರ ಪದಗಳ ಹಸ್ತಪ್ರತಿಗಳಲ್ಲಿ ರಾಗ, ತಾಳಗಳ ಹೆಸರು ಇರುವುದುಂಟು; ಸ್ವರಲಿಪಿ ಇರುವುದಿಲ್ಲ. ಹೀಗಾಗಿ ಮೂಲ ಧಾಟಿಗಳಲ್ಲಿ ಬಹುಪಾಲು ಕಳೆದುಹೋಗಿವೆ. ಇಂದು ಕೇಳಿಬರುವ ಅನೇಕ ಧಾಟಿಗಳು ನಂತರದ ಗಾಯಕರು ಮತ್ತು ಭಜನಾ ಮಂಡಳಿಗಳು ಕೂಡಿಸಿದವು. ಅವರಲ್ಲಿ ಹೆಚ್ಚಿನವರ ಹೆಸರು ದಾಖಲಾಗಿಲ್ಲ.

ವ್ಯಾಸರಾಯರದೆಂದು ಪ್ರಸಿದ್ಧವಾದ ಕೃಷ್ಣಾ ನೀ ಬೇಗನೆ ಬಾರೋ ಎಂಬ ಪದ ಇದಕ್ಕೆ ನಿದರ್ಶನ. ಇದನ್ನು ಸಾಮಾನ್ಯವಾಗಿ ಯಮುನಾಕಲ್ಯಾಣಿ ರಾಗದಲ್ಲಿ ಹಾಡಲಾಗುತ್ತದೆ. ನರ್ತಕಿ ಟಿ. ಬಾಲಸರಸ್ವತಿ ಅವರ ಅಭಿನಯದಿಂದ ಇದು ನೃತ್ಯವೇದಿಕೆಯಲ್ಲಿ ಹೆಸರಾಯಿತು. 1996ರಲ್ಲಿ ಗಾಯಕ ಹರಿಹರನ್ ಮತ್ತು ಗಿಟಾರ್ ವಾದಕ ಲೆಸ್ಲಿ ಲೂಯಿಸ್ ಅವರ ಕಲೋನಿಯಲ್ ಕಸಿನ್ಸ್ ಜೋಡಿ ಇದನ್ನು ಇಂಗ್ಲಿಷ್ ಸಾಲುಗಳೊಂದಿಗೆ ಬೆಸೆದು ಪಾಪ್ ಗೀತೆಯಾಗಿ ಹೊರತಂದಿತು. ಇಲ್ಲಿ ಕನ್ನಡ ಸಾಹಿತ್ಯ, ರೂಢಿಯ ಧಾಟಿ, ಹೊಸ ಸಾಲುಗಳು ಮತ್ತು ವಾದ್ಯ ಸಂಯೋಜನೆ ಬೇರೆ ಬೇರೆ ಕಾಲದ, ಬೇರೆ ಬೇರೆ ಜನರ ಕೊಡುಗೆಗಳು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯು ಹಾಡಿನ ಸಾಹಿತ್ಯವನ್ನೂ ಸಂಗೀತವನ್ನೂ ಎರಡು ಪ್ರತ್ಯೇಕ ಕೃತಿಗಳೆಂದು ಪರಿಗಣಿಸುತ್ತದೆ. ಸಾಹಿತ್ಯದ ಹಕ್ಕು ಕರ್ತೃವಿನ ನಿಧನಾನಂತರ 60 ವರ್ಷಗಳವರೆಗೆ ಇರುತ್ತದೆ. ಆದ್ದರಿಂದ ವ್ಯಾಸರಾಯರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಅವುಗಳಿಗೆ ಹೊಸದಾಗಿ ರಚಿಸಿದ ಸಂಗೀತದ ಹಕ್ಕು ಮಾತ್ರ ಅದನ್ನು ರಚಿಸಿದವರಿಗೆ ಸೇರುತ್ತದೆ. ಕವಿಯ ಹೆಸರನ್ನು ಹೇಳುವ ಹೊಣೆಯನ್ನು ಅಂಕಿತ ವಹಿಸಿಕೊಂಡಿದೆ. ಹಾಡುವವರು ಕೊನೆಯ ಚರಣವನ್ನು ಬಿಟ್ಟರೆ ಆ ಗುರುತೂ ಕೇಳುಗರಿಗೆ ತಲುಪುವುದಿಲ್ಲ.