ಡಿ.ವಿ.ಜಿ. ಎಂಬ ಮನೆಯ ಯಜಮಾನರು

ಈ ಸಲದ ಇ-ಪುಸ್ತಿಕೆಗೆ ಮನೆಯ ಹಿರಿಯರೊಬ್ಬರ ಬದುಕಿನ ಬಗ್ಗೆ ಬರೆಯೋಣ ಅಂತ ಮಾತು ಬಂದಾಗ ನಾವು ಕ್ರಾನ್‌ಬರ್ನ್‌ನ ಗೆಳೆಯರೆಲ್ಲ ಒಂದು ಭಾನುವಾರ ಸೇರಿ ಕೂತೆವು. ಒಬ್ಬೊಬ್ಬರೂ ತಮ್ಮ ತಮ್ಮ ತಾತನ ಹೆಸರು ಹೇಳಿದರು. ಬೆಳಗಿನ ಜಾವಕ್ಕೆ ಎದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲಗಿ, ಮಕ್ಕಳನ್ನು ಓದಿಸಿ, ತಮಗೆ ಅಂತ ಏನೂ ಇಟ್ಟುಕೊಳ್ಳದೆ ಹೋದವರು. ಆದರೆ ನಮ್ಮ ತಾತ ನಮಗೆ ದೊಡ್ಡವರು, ಓದುವವರಿಗೆ ಅವರು ಯಾರೋ. ಹಾಗಾಗಿ ಎಲ್ಲರಿಗೂ ಗೊತ್ತಿರುವ ಒಬ್ಬ ತಾತನನ್ನೇ ಆರಿಸಿಕೊಂಡೆವು. ಅವರು ಡಿ.ವಿ. ಗುಂಡಪ್ಪನವರು. ಬೆಳಿಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಊರಿನಿಂದ ಬರುವ ಕಗ್ಗದ ಮೂಲಕ ಅವರು ನಮಗೆ ದಿನಾ ಸಿಗುತ್ತಾರೆ. ಕಗ್ಗ ಬರೆದವರ ಮನೆ ಹೇಗೆ ನಡೀತಿತ್ತು ಅನ್ನೋದು ಮಾತ್ರ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಹುಡುಗ ಬುದ್ಧಿವಂತ, ಆದರೆ ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್‌ನಲ್ಲಿ ಕೂತವರು, 1961ರಲ್ಲಿ ಅದೇ ವಿಶ್ವವಿದ್ಯಾನಿಲಯದಿಂದ ಗೌರವ ಡಾಕ್ಟರೇಟ್ ಪಡೆದವರು ಮೆಟ್ರಿಕ್ ಫೇಲು! ಸೆಮಿಸ್ಟರ್‌ನಲ್ಲಿ ಒಂದು ವಿಷಯ ಹೋದರೆ ಮನೆಗೆ ಫೋನು ಮಾಡೋಕೂ ಹೆದರುವ ನಮಗೆ ಇದನ್ನು ಓದಿ ಸ್ವಲ್ಪ ಧೈರ್ಯ ಬಂತು ಅಂತ ಒಪ್ಪಿಕೊಳ್ಳಲೇಬೇಕು.

ಓದು ನಿಂತ ಮೇಲೆ ಹೊಟ್ಟೆಪಾಡು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿ ಸೇರಿದರು. ಇಲ್ಲಿ ಓದುತ್ತಾ ಗೋದಾಮಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಪಾಳಿ ಮಾಡುವ ನಮಗೆ ಸೋಡಾ ಕಾರ್ಖಾನೆಯ ಗುಂಡಪ್ಪ ಬಹಳ ಹತ್ತಿರದವರು ಅನ್ನಿಸಿದರು. ಆಮೇಲೆ ಕೈ ಹಿಡಿದದ್ದು ಪತ್ರಿಕೆಗಳು. ಬೆಂಗಳೂರಿನಲ್ಲೂ ಮದರಾಸಿನಲ್ಲೂ ಪತ್ರಿಕೆಗಳಿಗೆ ಬರೆದರು. ಇಪ್ಪತ್ತೈದು ತುಂಬುವ ಹೊತ್ತಿಗೆ ದಿವಾನ್ ರಂಗಾಚಾರ್ಲು ಅವರ ಜೀವನ ಚರಿತ್ರೆ ಬರೆದಿದ್ದರು. 1913ರಲ್ಲಿ 'ಕರ್ನಾಟಕ' ಅನ್ನುವ ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ಸಂಸ್ಥಾನದ ಆಡಳಿತದಲ್ಲಿ ಪ್ರಜೆಗಳಿಗೂ ಪಾಲು ಬೇಕು ಅನ್ನುವುದು ಅವರ ನಿಲುವು. ಗೋಪಾಲಕೃಷ್ಣ ಗೋಖಲೆ ಅವರ ಆದರ್ಶ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಗುಂಡಪ್ಪನವರ ಬುದ್ಧಿಯಲ್ಲಿ ನಂಬಿಕೆ, ಇವರಿಗೆ ದಿವಾನರಲ್ಲಿ ಗೌರವ. ಆದರೂ ಪತ್ರಿಕೆಯವನು ಸರ್ಕಾರದ ಹಣಕ್ಕೆ ಕೈ ಒಡ್ಡಬಾರದು ಅನ್ನುವ ಹಟ ಇವರದ್ದು.

ಪತ್ರಿಕೆ ನಡೆಸಿ ದುಡ್ಡು ಮಾಡಿದವರು ಆ ಕಾಲದಲ್ಲಿ ಅಪರೂಪ. ತಿಂಗಳಿಗೆ ಇಷ್ಟು ಅಂತ ಖಾತ್ರಿ ಇಲ್ಲ. ಮನೆಯಲ್ಲಿ ಹೆಂಡತಿ ಭಾಗೀರಥಮ್ಮ, ಮಕ್ಕಳು, ಬಂದು ಹೋಗುವ ನೆಂಟರು ಸ್ನೇಹಿತರು. ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ಕನ್ನಡದವರು ಬಹಳ ಜನ ಕೇಳಿರುತ್ತೀರಿ. ಒಂದು ದಿನ ನೆಂಟರ ಮನೆಯಲ್ಲಿ ಸಮಾರಂಭ. ಗುಂಡಪ್ಪನವರು ಮನೆಗೆ ಬಂದು ನೋಡಿದರೆ ಮಕ್ಕಳು ಹೋಗಿದ್ದಾರೆ, ಭಾಗೀರಥಮ್ಮ ಮಾತ್ರ ಮನೆಯಲ್ಲೇ ಇದ್ದಾರೆ. ಯಾಕೆ ಹೋಗಲಿಲ್ಲ ಅಂತ ಕೇಳಿದರು. ಹೊರಗೆ ಉಟ್ಟುಕೊಂಡು ಹೋಗೋಕೆ ಇದ್ದದ್ದು ಒಂದೇ ಸೀರೆ, ಅದೂ ಹರಿದಿತ್ತು. ಹಾಗೇ ಹೋದರೆ ನೋಡಿದವರು ಏನಂದುಕೊಳ್ಳುತ್ತಾರೆ? ದೊಡ್ಡ ದೊಡ್ಡವರ ಜೊತೆ ಓಡಾಡುವ ಗಂಡನ ಮರ್ಯಾದೆ ಹೋಗುತ್ತೆ ಅಂತ ಆಕೆ ಉಳಿದುಬಿಟ್ಟಿದ್ದರಂತೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಗುಂಡಪ್ಪನವರ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಹೇಳುತ್ತಾರೆ. ನಾವೂ ಹಾಗೇ ಕೇಳಿಕೊಂಡು ಬೆಳೆದವರು. ಆದರೆ ಅವತ್ತು ಕೂತು ಮಾತಾಡುವಾಗ ನಮ್ಮಲ್ಲೇ ಜಗಳ ಆಯಿತು. ಸೀರೆ ಹರಿದದ್ದು ಯಾರದ್ದು, ಹೆಸರು ಬಂದದ್ದು ಯಾರಿಗೆ ಅಂತ ಒಬ್ಬಳು ಕೇಳಿದಳು. ಉತ್ತರ ಸುಲಭವಲ್ಲ. ಗಂಡ ಬೇಡ ಅಂದ ಹಣದ ಲೆಕ್ಕ ಅಡುಗೆಮನೆಯಲ್ಲಿ ಹೆಂಡತಿಯ ತಲೆ ಮೇಲೆ ಬೀಳುತ್ತೆ. ಆಕೆ ಅದನ್ನು ದೂರದೆ ಹೊತ್ತರು, ಗಂಡನ ಹಟ ಸರಿ ಅಂತ ನಂಬಿಯೇ ಹೊತ್ತರು ಅಂತ ಕಾಣುತ್ತೆ. ಆ ಮನೆಯ ಮರ್ಯಾದೆಯಲ್ಲಿ ಅರ್ಧ ಪಾಲಾದರೂ ಭಾಗೀರಥಮ್ಮನವರದ್ದು ಅಂತ ಬರೆಯಲು ಕೊನೆಗೆ ಎಲ್ಲರೂ ಒಪ್ಪಿದೆವು. ಅರ್ಧ ಸಾಲದು ಅನ್ನುವವರು ಇನ್ನೂ ಇದ್ದಾರೆ.

1924ರಲ್ಲಿ ಭಾಗೀರಥಮ್ಮ ತೀರಿಕೊಂಡರು. ಗುಂಡಪ್ಪನವರಿಗೆ ಆಗ ಮೂವತ್ತೇಳು. ಮಗ ಸ್ವಾಮಿಗೆ ಆರು ವರ್ಷ. ಹೆಣ್ಣುಮಕ್ಕಳೂ ಇದ್ದರು. ಆ ಕಾಲದಲ್ಲಿ ಆ ವಯಸ್ಸಿನ ಗಂಡಸು, ಅದರಲ್ಲೂ ಚಿಕ್ಕ ಮಕ್ಕಳಿರುವವನು, ಮತ್ತೆ ಮದುವೆಯಾಗುವುದು ತೀರಾ ಸಹಜ. ನೆಂಟರಿಷ್ಟರೇ ನಿಂತು ಮಾಡಿಸುತ್ತಿದ್ದರು. ಇವರು ಆಗಲಿಲ್ಲ. ಮುಂದಿನ ಐವತ್ತೊಂದು ವರ್ಷ ಒಂಟಿಯಾಗಿಯೇ ಬದುಕಿದರು. ಮಕ್ಕಳು ಬೆಳೆದರು, ಓದಿದರು. ನಮ್ಮ ಮಟ್ಟಿಗೆ ಇವರ ಬದುಕಿನ ಅತಿ ಕಷ್ಟದ ಕೆಲಸ ಇದೇ. ಪುಸ್ತಕದ ಕೊನೆಯಲ್ಲಿ ಕೊಡುವ ಲೇಖಕರ ಪರಿಚಯದಲ್ಲಿ ಇದಕ್ಕೆ ಒಂದು ಸಾಲೂ ಸಿಗುವುದಿಲ್ಲ.

ಹೊರಗಿನ ದುಡಿಮೆಯಂತೂ ನಿಲ್ಲಲೇ ಇಲ್ಲ. 1928ರಲ್ಲಿ ಬಾಗಲಕೋಟೆಯಲ್ಲಿ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷತೆ, 1932ರಲ್ಲಿ ಮಡಿಕೇರಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯತ್ವ. ಇವೆಲ್ಲ ಹೆಸರು ತರುವ ಕೆಲಸಗಳೇ ಹೊರತು ಸಂಬಳ ತರುವ ಕೆಲಸಗಳಲ್ಲ. ರಾಜ್ಯಶಾಸ್ತ್ರ ಬರೆದರು, ಉಮರ್ ಖಯ್ಯಾಮನನ್ನು ಕನ್ನಡಕ್ಕೆ ತಂದರು, ಬೇಲೂರಿನ ಶಿಲಾಬಾಲಿಕೆಯರ ಮೇಲೆ ಹಾಡು ಕಟ್ಟಿದರು. 1943ರಲ್ಲಿ 945 ಪದ್ಯಗಳ 'ಮಂಕುತಿಮ್ಮನ ಕಗ್ಗ' ಬಂತು. ಕಗ್ಗದಲ್ಲಿ ಸಾವು, ಅನ್ನ, ಸಂಸಾರ, ದೇವರು ಮತ್ತೆ ಮತ್ತೆ ಬರುತ್ತವೆ. ಹೆಂಡತಿಯನ್ನು ಕಳಕೊಂಡು ಹತ್ತೊಂಬತ್ತು ವರ್ಷ ಮನೆ ನಡೆಸಿದ ಮನುಷ್ಯ ಬರೆದದ್ದು ಅಂತ ನೆನಪಿಟ್ಟುಕೊಂಡು ಓದಿದರೆ ಎಷ್ಟೋ ಪದ್ಯಗಳು ಬೇರೆ ಥರ ಕೇಳಿಸುತ್ತವೆ. ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಜೊತೆ ಬಂದಾಗ ಹಾಗೆ ಕೇಳಿಸಲ್ಲ.

ನಮಗೆ ಹೆಚ್ಚು ಇಷ್ಟವಾದದ್ದು 'ಜ್ಞಾಪಕ ಚಿತ್ರಶಾಲೆ'. ಎಂಟು ಸಂಪುಟ. ದಿವಾನರು, ಸಂಗೀತಗಾರರು, ವೈದಿಕರು, ತಮ್ಮ ಊರಿನ ಹೆಸರಿಲ್ಲದ ಸಜ್ಜನರು, ಎಲ್ಲರಿಗೂ ಅಲ್ಲಿ ಜಾಗ ಇದೆ. ಯಜಮಾನ ಅಂದರೆ ಮನೆಯವರ ಮೇಲೆ ಅಧಿಕಾರ ನಡೆಸುವವನು ಅಂತ ನಾವು ಅಂದುಕೊಂಡಿರುತ್ತೇವೆ. ತಾನು ಕಂಡ ಹಿರಿಯರನ್ನೆಲ್ಲ ಮರೆಯದೆ ಒಬ್ಬೊಬ್ಬರನ್ನಾಗಿ ಕರೆದು ಕೂರಿಸುವುದೂ ಯಜಮಾನಿಕೆಯ ಕೆಲಸ ಅಂತ ಆ ಸಂಪುಟಗಳನ್ನು ಓದುವಾಗ ಅನ್ನಿಸಿತು.

1945ರಲ್ಲಿ ಬಸವನಗುಡಿಯ ಕಡೆ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಶುರುವಾಯಿತು. ಕಡೆಯ ಮೂವತ್ತು ವರ್ಷ ಅದೇ ಅವರ ಎರಡನೇ ಮನೆ. ಹುಡುಗರನ್ನು ಕೂರಿಸಿಕೊಂಡು ಪಾಠ, ಚರ್ಚೆ, ಓದು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನಾಡಿನ ಜನ ಅವರಿಗೆ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ನಿಧಿ ಅರ್ಪಿಸಿದರು. ಆಗಿನ ಒಂದು ಲಕ್ಷ ಅಂದರೆ ದೊಡ್ಡ ಮೊತ್ತ. ಎಂಬತ್ತಮೂರರ ಮುದುಕರು ಅದನ್ನು ಹಾಗೇ ಸಂಸ್ಥೆಗೆ ಕೊಟ್ಟುಬಿಟ್ಟರು. ತೀರಿಕೊಂಡ ಮೇಲೆ ಪೆಟ್ಟಿಗೆ ತೆಗೆದು ನೋಡಿದರೆ ಸರ್ಕಾರದಿಂದ ಬಂದು, ಬ್ಯಾಂಕಿಗೆ ಹಾಕದೇ ಇಟ್ಟ ಚೆಕ್ಕುಗಳು ಸಿಕ್ಕವು ಅಂತಲೂ ಹೇಳುತ್ತಾರೆ. ಈ ಮಾತು ಬಂದಾಗ ಸೀರೆಯ ಬಗ್ಗೆ ಕೇಳಿದ ನಮ್ಮ ಗೆಳತಿ ಮತ್ತೆ ಏನೂ ಹೇಳಲಿಲ್ಲ, ಸುಮ್ಮನೆ ಎದ್ದು ಹೋಗಿ ಕಾಫಿ ಬೆರೆಸಿಕೊಂಡು ಬಂದಳು.

1967ರಲ್ಲಿ ಭಗವದ್ಗೀತೆಯ ಮೇಲಿನ ಬರಹಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ. 1975ರ ಅಕ್ಟೋಬರ್ 7ರಂದು ಗುಂಡಪ್ಪನವರು ತೀರಿಕೊಂಡರು. ಈಗ ಗಾಂಧಿ ಬಜಾರಿನ ಹತ್ತಿರ ಅವರ ಹೆಸರಿನ ರಸ್ತೆ ಇದೆ, ಬ್ಯೂಗಲ್ ರಾಕ್‌ನಲ್ಲಿ ಪ್ರತಿಮೆ ಇದೆ.

ತಾಯಿ ಇಲ್ಲದೆ ಬೆಳೆದ ಆ ಆರು ವರ್ಷದ ಹುಡುಗನೇ ಬಿ.ಜಿ.ಎಲ್. ಸ್ವಾಮಿ. ಸಸ್ಯವಿಜ್ಞಾನ ಓದಿದರು. ಅಮೆರಿಕದ ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಅವರ ಜೊತೆ ಕೆಲಸ ಮಾಡಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಕಾಡಿನ ಗಿಡಮರಗಳ ಬಗ್ಗೆ ನಗಿಸುತ್ತಲೇ ಬರೆದ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಅಪ್ಪನಿಗೆ ಬಂದ ಪ್ರಶಸ್ತಿಯೇ ಮಗನಿಗೂ ಬಂತು. ನೋಡೋಕೆ ಅಪ್ಪ ಇರಲಿಲ್ಲ. ಎರಡೇ ವರ್ಷಕ್ಕೆ ಸ್ವಾಮಿಯೂ ಹೋದರು.

ಬೈಲಿ ಮತ್ತು ಸ್ವಾಮಿ ಸೇರಿ 1949ರಲ್ಲಿ ಒಂದು ಬಳ್ಳಿಯ ಬಗ್ಗೆ ಪ್ರಬಂಧ ಬರೆದರು. ಹೆಸರು ಆಸ್ಟ್ರೊಬೈಲೆಯಾ. ಹೂಬಿಡುವ ಗಿಡಗಳಲ್ಲೇ ಬಹಳ ಪುರಾತನ ವಂಶದ್ದು, ಕಾಡಿನಲ್ಲಿ ಬೆಳೆಯುವುದು ನಮ್ಮ ಈ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನಲ್ಲಿ ಮಾತ್ರ. ಇದು ಗೊತ್ತಾದ ಮೇಲೆ ನಾವು ಮನೆ ಹತ್ತಿರದ ಕ್ರಾನ್‌ಬರ್ನ್ ಸಸ್ಯೋದ್ಯಾನಕ್ಕೆ ಹೋಗುವ ರೀತಿಯೇ ಬದಲಾಗಿದೆ. ಮೊದಲು ಊರಿಂದ ಅಪ್ಪ ಅಮ್ಮ ಬಂದಾಗ ಫೋಟೋ ತೆಗೆಸಿಕೊಂಡು ಬರುತ್ತಿದ್ದೆವು. ಈಗ ಒಂದೊಂದು ಬಳ್ಳಿ ಕಂಡಾಗಲೂ ಬಗ್ಗಿ ಹೆಸರು ಓದುತ್ತೇವೆ.