ಮಗಳ ಹೆಸರಿನ ಕಾಲೇಜು

ಮೇಡಂ ಸಿ.ಜೆ. ವಾಕರ್ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ಸ್ವಂತ ದುಡಿಮೆಯಿಂದ ಸಿರಿವಂತರಾದವರ ಪಟ್ಟಿಯೊಂದರಲ್ಲಿ. ಅಮೆರಿಕದ ಕಪ್ಪು ಜನಾಂಗದ ಹೆಣ್ಣುಮಗಳು, ಕೂದಲಿನ ಔಷಧಿ ಮಾರಿ ಲಕ್ಷಾಂತರ ಡಾಲರ್ ಗಳಿಸಿದಳು ಎಂಬಷ್ಟೇ ವಿವರ ಅಲ್ಲಿತ್ತು. ಹಣದ ಕಥೆಗಳಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ಪುಟ ತಿರುಗಿಸಿಬಿಟ್ಟೆ. ಬಹುಕಾಲದ ನಂತರ ಆಕೆಯ ಬದುಕಿನ ವಿವರಗಳನ್ನು ಓದಿದಾಗ ನನ್ನ ಕಣ್ಣು ನಿಂತದ್ದು ಡಾಲರುಗಳ ಮೇಲಲ್ಲ, ಒಬ್ಬ ಮಗಳ ಕಾಲೇಜು ಶುಲ್ಕದ ಮೇಲೆ.

ಆಕೆಯ ಮೂಲ ಹೆಸರು ಸಾರಾ ಬ್ರೀಡ್‌ಲವ್. 1867ರ ಡಿಸೆಂಬರ್‌ನಲ್ಲಿ ಲೂಸಿಯಾನದ ಹತ್ತಿ ತೋಟವೊಂದರಲ್ಲಿ ಜನನ. ತಂದೆತಾಯಿ ಅದೇ ತೋಟದಲ್ಲಿ ಗುಲಾಮರಾಗಿದ್ದವರು; ಆ ಕುಟುಂಬದಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲ ಮಗು ಈಕೆ. ಏಳನೆಯ ವಯಸ್ಸಿಗೆ ಅನಾಥಳಾದಳು. ಅಕ್ಕನ ಆಶ್ರಯ ಸಿಕ್ಕಿತು, ಆದರೆ ಭಾವನ ಕ್ರೌರ್ಯ ತಾಳಲಾಗದೆ ಹದಿನಾಲ್ಕಕ್ಕೇ ಮದುವೆಯಾದಳು. 1885ರಲ್ಲಿ ಲೀಲಿಯಾ ಹುಟ್ಟಿದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಗಂಡ ತೀರಿಕೊಂಡ. ಇಪ್ಪತ್ತರ ವಿಧವೆ, ಕಂಕುಳಲ್ಲಿ ಕೂಸು.

ಕೂಸನ್ನು ಎತ್ತಿಕೊಂಡು ಆಕೆ ಸೇಂಟ್ ಲೂಯಿ ನಗರಕ್ಕೆ ಹೋದಳು. ಸೋದರರು ಅಲ್ಲಿ ಕ್ಷೌರಿಕರಾಗಿದ್ದರು. ಕೂದಲಿಗೆ ಕೈಯಿಡುವ ಕಸುಬನ್ನೂ ಕಸುಬಿನವರನ್ನೂ ಕೀಳಾಗಿ ಕಂಡ ಸಮಾಜದಲ್ಲಿ ಬೆಳೆದ ನನಗೆ ಈ ಸಂಗತಿ ಸುಮ್ಮನೆ ದಾಟಿಹೋಗುವಂಥದ್ದಾಗಿ ತೋರಲಿಲ್ಲ. ಗುಲಾಮಗಿರಿಯಿಂದ ಹೊರಬಂದ ಕುಟುಂಬವೊಂದು ಪಟ್ಟಣದಲ್ಲಿ ನೆಲೆಯೂರಿದ್ದು ಕತ್ತರಿ ಬಾಚಣಿಗೆಗಳ ಬಲದಿಂದ.

ಸಾರಾಳಿಗೆ ಮಾತ್ರ ಆಗ ದೊರೆತದ್ದು ಪರರ ಬಟ್ಟೆ ಒಗೆಯುವ ಕೆಲಸ. ದಿನಕ್ಕೆ ಒಂದೂವರೆ ಡಾಲರ್ ಆಸುಪಾಸಿನ ಕೂಲಿ. ಕುದಿಯುವ ನೀರು, ಚರ್ಮ ಸುಡುವ ಕ್ಷಾರದ ಸಾಬೂನು, ಬೆನ್ನು ಮುರಿಯುವ ಹೊರೆ. ಹೀಗೆ ಒಂದೂವರೆ ದಶಕಕ್ಕೂ ಮೀರಿ ದುಡಿದಳು. ತಾನು ಶಾಲೆಯ ಮೆಟ್ಟಿಲು ಹತ್ತಿದ್ದು ಬೆರಳೆಣಿಕೆಯ ತಿಂಗಳು ಮಾತ್ರ. ಮಗಳನ್ನು ಟೆನೆಸ್ಸಿಯ ನಾಕ್ಸ್‌ವಿಲ್ ಕಾಲೇಜಿಗೆ ಕಳುಹಿಸಿದಳು. ಮುಂದಿನ ಸಾಮ್ರಾಜ್ಯದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನ ಮಟ್ಟಿಗೆ ಆಕೆಯ ಅತಿ ದೊಡ್ಡ ಸಾಹಸ ಇದೇ.

ಅಷ್ಟರಲ್ಲಿ ಆಕೆಯ ತಲೆಗೂದಲು ಉದುರತೊಡಗಿತ್ತು. ನಲ್ಲಿ ನೀರಿಲ್ಲದ ಬಡವರ ಮನೆಗಳಲ್ಲಿ ತಲೆ ತೊಳೆಯುವುದೇ ಅಪರೂಪ; ನೆತ್ತಿಯ ರೋಗ ಸಾಮಾನ್ಯವಾಗಿತ್ತು. ಪರಿಹಾರ ಕನಸಿನಲ್ಲಿ ಕಾಣಿಸಿತೆಂದು ಆಕೆ ಮುಂದೆ ಹೇಳಿಕೊಳ್ಳುತ್ತಿದ್ದಳು. ಆದರೆ ಅದಕ್ಕೆ ಮುನ್ನ ಆನಿ ಟರ್ನ್‌ಬೊ ಎಂಬ ಕಪ್ಪು ಮಹಿಳಾ ಉದ್ಯಮಿಯ ಕೇಶೌಷಧಿಗಳನ್ನು ಮಾರುತ್ತಿದ್ದಳೆಂಬುದನ್ನೂ ಮರೆಯಬಾರದು. ಕನಸಿಗಿಂತ ಆ ಅನುಭವವೇ ಹೆಚ್ಚು ಕಲಿಸಿರಬೇಕು. 1905ರಲ್ಲಿ ಡೆನ್ವರ್‌ಗೆ ಹೋದಳು, ಮರುವರ್ಷ ಚಾರ್ಲ್ಸ್ ಜೋಸೆಫ್ ವಾಕರ್‌ನನ್ನು ವಿವಾಹವಾಗಿ ಆ ಹೆಸರಿನಲ್ಲೇ ತನ್ನದೊಂದು ಮುಲಾಮನ್ನು ಮಾರಾಟಕ್ಕಿಟ್ಟಳು. ಗಂಧಕ ಬೆರೆಸಿದ ಆ ಮುಲಾಮಿನ ಜತೆಗೆ ತಲೆ ತೊಳೆಯುವ, ನೆತ್ತಿ ಆರೈಕೆ ಮಾಡುವ, ಕಾಯಿಸಿದ ಬಾಚಣಿಗೆಯಿಂದ ಕೂದಲು ತಿದ್ದುವ ಕ್ರಮವನ್ನೂ ಕಲಿಸಿದಳು. ದಾಂಪತ್ಯ 1912ಕ್ಕೆ ಮುರಿಯಿತು, ಹೆಸರು ಉಳಿಯಿತು.

ತಾಯಿ ಊರೂರು ತಿರುಗಿ ಪ್ರಚಾರ ಮಾಡುವಾಗ ಅಂಚೆ ಮೂಲಕ ಬರುವ ಬೇಡಿಕೆಗಳನ್ನು ನೋಡಿಕೊಂಡವಳು ಲೀಲಿಯಾ. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕೇಶಾಲಂಕಾರ ಕಲಿಸುವ ಶಾಲೆ ತೆರೆದಾಗ ಅದಕ್ಕಿಟ್ಟ ಹೆಸರು ಲೀಲಿಯಾ ಕಾಲೇಜು. ಮನೆಗೆಲಸ, ಬಟ್ಟೆ ಒಗೆತಗಳ ಹೊರತು ಬೇರೆ ದಾರಿ ಕಾಣದಿದ್ದ ಸಾವಿರಾರು ಕಪ್ಪು ಹೆಣ್ಣುಮಕ್ಕಳು ವಾಕರ್ ಕ್ರಮ ಕಲಿತು ಸ್ವತಂತ್ರ ಸಂಪಾದನೆಗೆ ತೊಡಗಿದರು. 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನೆಲೆನಿಂತು ಕಾರ್ಖಾನೆ ಕಟ್ಟಿದಳು.

ಬಿಳಿಯರಂತೆ ಕಾಣುವ ಚಪಲವನ್ನು ಬೆಳೆಸಿದಳೆಂಬ ಆಕ್ಷೇಪ ಆಕೆಯ ಮೇಲಿದೆ. ಅದನ್ನು ಪೂರ್ತಿ ತಳ್ಳಿಹಾಕಲಾರೆ. ಕೂದಲು ನೆಟ್ಟಗೆ ಮಾಡುವವಳು ಎಂದು ಕರೆಸಿಕೊಳ್ಳುವುದನ್ನು ಆಕೆ ಸಹಿಸುತ್ತಿರಲಿಲ್ಲ. ಕೂದಲಿನ ಆರೋಗ್ಯವೇ ತನ್ನ ಉದ್ದೇಶವೆನ್ನುತ್ತಿದ್ದಳು. ಆದರೂ ಕಾಯಿಸಿದ ಬಾಚಣಿಗೆ ಆಕೆಯ ಕ್ರಮದ ಭಾಗವಾಗಿಯೇ ಇತ್ತು. ಹಾಗೆಂದು ಬಿಳಿಯರ ಮರ್ಜಿ ಕಾಯ್ದವಳಲ್ಲ. ಈಸ್ಟ್ ಸೇಂಟ್ ಲೂಯಿಯಲ್ಲಿ ಕಪ್ಪು ಜನರ ಕಗ್ಗೊಲೆ ನಡೆದ 1917ರಲ್ಲಿ, ಗುಂಪುಹತ್ಯೆಯ ವಿರುದ್ಧ ಮನವಿ ಹೊತ್ತು ಶ್ವೇತಭವನಕ್ಕೆ ಹೋದ ಹಾರ್ಲೆಮ್ ಪ್ರಮುಖರಲ್ಲಿ ಆಕೆಯೂ ಇದ್ದಳು. ಅಧ್ಯಕ್ಷ ವಿಲ್ಸನ್ ಭೇಟಿಗೆ ಸಿಗಲಿಲ್ಲ.

ಹಡ್ಸನ್ ನದಿಯ ಪಕ್ಕ ಕಟ್ಟಿಸಿದ ಬಂಗಲೆಗೂ ಮಗಳ ಹೆಸರಿನ ಅಕ್ಷರಗಳೇ: ಲೀಲಿಯಾ ವಾಕರ್ ರಾಬಿನ್ಸನ್ ಎಂಬುದರಿಂದ ವಿಲ್ಲಾ ಲೆವಾರೊ. ಅಲ್ಲಿ ಹೆಚ್ಚು ಕಾಲ ಬಾಳಲಿಲ್ಲ. 1919ರ ಮೇ 25ರಂದು, 51ರ ಹರೆಯದಲ್ಲಿ, ರಕ್ತದೊತ್ತಡ ಮತ್ತು ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಳು. ಯಾವ ಮಗಳಿಗಾಗಿ ಬಟ್ಟೆ ಒಗೆದಳೋ ಆ ಮಗಳು ಆಗ ದೂರದ ಪನಾಮದಲ್ಲಿದ್ದಳು.

ಕಂಪೆನಿಯ ಹೊಣೆ ಲೀಲಿಯಾಳ ಹೆಗಲೇರಿತು. ತಾಯಿಯ ವ್ಯಾಪಾರಚಾತುರ್ಯ ಆಕೆಗಿರಲಿಲ್ಲ, ಕಲಾವಿದರ ಒಡನಾಟದ ಹುಚ್ಚಿತ್ತು. ಒಂದು ಕಾಲಕ್ಕೆ ಕೇಶಾಲಂಕಾರದ ಮಳಿಗೆಯಿದ್ದ ಹಾರ್ಲೆಮ್‌ನ 136ನೇ ಬೀದಿಯ ಮನೆಯಲ್ಲಿ ಕಪ್ಪು ಕವಿಗಳು, ಚಿತ್ರಕಾರರು ಸೇರತೊಡಗಿದರು. 1931ರಲ್ಲಿ ಆಕೆಯೂ ಹೋದಳು. ಮನೆಯನ್ನು ಮುಂದೆ ಕೆಡವಲಾಯಿತು. ಆ ಜಾಗದಲ್ಲಿ ಈಗ ಒಂದು ಸಾರ್ವಜನಿಕ ಗ್ರಂಥಾಲಯವಿದೆ.