ಮಕ್ಕಳ ಕೈಗೆ ಕುಂಚ ಕೊಟ್ಟ ವ್ಯಂಗ್ಯಚಿತ್ರಕಾರ ಶಂಕರ್

ವಸಂತ್ ಕುಂಜ್, ನವದೆಹಲಿ: ಐಟಿಒ ಬಳಿಯ ಬಹಾದುರ್ ಶಾ ಜಫರ್ ಮಾರ್ಗದಲ್ಲಿ, ಪತ್ರಿಕಾ ಕಚೇರಿಗಳ ಸಾಲಿನಲ್ಲಿ ನೆಹರೂ ಹೌಸ್ ಎಂಬ ಕಟ್ಟಡವಿದೆ. ಊರಿನಿಂದ ನೆಂಟರು ಬಂದರೆ ಕೆಂಪುಕೋಟೆ, ಕುತುಬ್ ಮಿನಾರ್, ಅಕ್ಷರಧಾಮ ತೋರಿಸುವ ನಾವು ಇಲ್ಲಿಗೆ ಕರೆದೊಯ್ಯುವುದು ಕಡಿಮೆ. ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಮತ್ತು ಅಂತಾರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯ ಇರುವುದು ಇದೇ ಕಟ್ಟಡದಲ್ಲಿ. ಇವೆರಡರ ಸ್ಥಾಪಕರು ವ್ಯಂಗ್ಯಚಿತ್ರಕಾರ ಕೇಶವ ಶಂಕರ ಪಿಳ್ಳೈ, ಅಂದರೆ ಎಲ್ಲರಿಗೂ ಪರಿಚಿತರಾದ ಶಂಕರ್. ಅವರ ರಾಜಕೀಯ ವ್ಯಂಗ್ಯಚಿತ್ರಗಳ ಬಗ್ಗೆ ಬಹಳಷ್ಟು ಬರೆಯಲಾಗಿದೆ. ಶಾಲಾ ಮಕ್ಕಳ ಚಿತ್ರಕಲೆಗೆ ಅವರು ಮಾಡಿದ ಉಪಕಾರ ಮಾತ್ರ ಅಷ್ಟಾಗಿ ಬೆಳಕಿಗೆ ಬಂದಿಲ್ಲ.

ಶಂಕರ್ ಹುಟ್ಟಿದ್ದು 1902ರ ಜುಲೈ 31ರಂದು, ಕೇರಳದ ಕಾಯಂಕುಳಂನಲ್ಲಿ. ಅವರ ಮೊದಲ ವ್ಯಂಗ್ಯಚಿತ್ರಕ್ಕೆ ಸಿಕ್ಕಿದ್ದು ಬೈಗುಳ. ತರಗತಿಯಲ್ಲಿ ನಿದ್ದೆ ಹೋಗಿದ್ದ ಮೇಷ್ಟ್ರನ್ನು ಇದ್ದ ಹಾಗೆಯೇ ಹುಡುಗ ಬರೆದುಬಿಟ್ಟಿದ್ದ. ಮುಖ್ಯೋಪಾಧ್ಯಾಯರು ಕೆಂಡವಾದರು. ಮನೆಯಲ್ಲಿ ಚಿಕ್ಕಪ್ಪ ಮಾತ್ರ ಆ ಚಿತ್ರ ನೋಡಿ ಹುಡುಗನ ಬೆನ್ನು ತಟ್ಟಿದರು. ಮುಂದೆ ಮಾವೇಲಿಕರದ ರವಿವರ್ಮ ಚಿತ್ರಕಲಾ ಶಾಲೆಯಲ್ಲಿ ಕಲಿಕೆ, ತಿರುವನಂತಪುರದಲ್ಲಿ 1927ರಲ್ಲಿ ಬಿಎಸ್ಸಿ, ಕಾನೂನು ಓದಲೆಂದು ಮುಂಬಯಿ. ಕಾನೂನು ಅರ್ಧಕ್ಕೇ ನಿಂತಿತು. ಫ್ರೀ ಪ್ರೆಸ್ ಜರ್ನಲ್, ಬಾಂಬೆ ಕ್ರಾನಿಕಲ್ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬರತೊಡಗಿದವು.

1932ರಲ್ಲಿ ಅವರನ್ನು ದೆಹಲಿಗೆ ಕರೆತಂದವರು ಹಿಂದೂಸ್ತಾನ್ ಟೈಮ್ಸ್ ಸಂಪಾದಕರಾಗಿದ್ದ ಪೋತನ್ ಜೋಸೆಫ್. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಬೆಂಗಳೂರಿನ ಡೆಕ್ಕನ್ ಹೆರಾಲ್ಡ್‌ನ ಮೊದಲ ಸಂಪಾದಕರೂ ಇವರೇ. ಶಂಕರ್ 1946ರವರೆಗೆ ಹಿಂದೂಸ್ತಾನ್ ಟೈಮ್ಸ್‌ನಲ್ಲಿದ್ದರು. ಈ ನಡುವೆ ಸುಮಾರು ಹದಿನಾಲ್ಕು ತಿಂಗಳು ಲಂಡನ್ನಿನಲ್ಲಿ ಕಲಾಭ್ಯಾಸ ಮಾಡಿ ಬಂದರು. 1948ರ ಮೇ ತಿಂಗಳಲ್ಲಿ ತಮ್ಮದೇ ಶಂಕರ್ಸ್ ವೀಕ್ಲಿ ಆರಂಭಿಸಿದರು. ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ತಮ್ಮನ್ನೂ ಬಿಡದೆ ಚುಚ್ಚಬೇಕೆಂದು ನೆಹರೂ ಹೇಳಿದ್ದು ಪ್ರಸಿದ್ಧ. ಶಂಕರ್ ಆ ಮಾತನ್ನು ಧಾರಾಳವಾಗಿಯೇ ನಡೆಸಿಕೊಟ್ಟರು.

ಮರುವರ್ಷ, 1949ರಲ್ಲಿ, ಶಂಕರ್ ಮಕ್ಕಳಿಗಾಗಿ ಚಿತ್ರ ಸ್ಪರ್ಧೆ ಏರ್ಪಡಿಸಿದರು. 1950ರಿಂದ ಅದು ಹೊರದೇಶದ ಮಕ್ಕಳಿಗೂ ತೆರೆಯಿತು. ಮುಂದೆ ನೂರಕ್ಕೂ ಹೆಚ್ಚು ದೇಶಗಳ ಮಕ್ಕಳ ಚಿತ್ರಗಳು ದೆಹಲಿಯ ವಿಳಾಸಕ್ಕೆ ಬರತೊಡಗಿದವು.

ಇದರ ಮಹತ್ವ ತಿಳಿಯಬೇಕಾದರೆ ಆ ಕಾಲದ ಶಾಲೆಗಳಲ್ಲಿ ಡ್ರಾಯಿಂಗ್ ಹೇಗಿತ್ತು ಎಂಬುದನ್ನು ನೆನೆಯಬೇಕು. ಬ್ರಿಟಿಷರು 1850ರ ದಶಕದಲ್ಲಿ ಮದರಾಸು, ಕಲ್ಕತ್ತ, ಮುಂಬಯಿಗಳಲ್ಲಿ ಕಲಾಶಾಲೆಗಳಿಗೆ ನೆಲೆ ಒದಗಿಸಿದ್ದು ಮುಖ್ಯವಾಗಿ ಕುಶಲಕರ್ಮಿಗಳನ್ನೂ ನಕ್ಷೆಗಾರರನ್ನೂ ತಯಾರು ಮಾಡಲು. ಶಾಲೆಗಳಿಗೆ ಇಳಿದು ಬಂದಿದ್ದೂ ಅದೇ ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ನಕಲು ಮಾಡುವುದು, ಸ್ಕೇಲು ಕಾಂಪಾಸು ಹಿಡಿದು ವಿನ್ಯಾಸ ಎಳೆಯುವುದು, ಮೇಜಿನ ಮೇಲಿಟ್ಟ ಬಿಂದಿಗೆಗೆ ನೆರಳು ಕೊಡುವುದು. ನಮ್ಮ ಕಡೆ ಲೋಯರ್, ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಬರೆದವರಿಗೆ ಆ ಬಿಂದಿಗೆ ಮರೆತಿರಲಾರದು. ಅದರಿಂದ ಕೈ ಪಳಗುತ್ತದೆ, ಸುಳ್ಳಲ್ಲ. ಆದರೆ ಮಗುವಿನ ಮನಸ್ಸಿನಲ್ಲಿರುವ ಜಾತ್ರೆ, ಅಜ್ಜಿ, ಮಳೆ ಇವಕ್ಕೆ ಅಲ್ಲಿ ಜಾಗವಿರಲಿಲ್ಲ.

ವಿಯೆನ್ನಾದಲ್ಲಿ ಫ್ರಾಂಜ್ ಸಿಜೆಕ್ ಎಂಬವರು 1897ರಲ್ಲೇ ಮಕ್ಕಳಿಗಾಗಿ ಬೇರೆ ಬಗೆಯ ಕಲಾ ತರಗತಿ ನಡೆಸಿ, ಮಗುವಿನ ಚಿತ್ರ ದೊಡ್ಡವರ ಚಿತ್ರದ ಅರೆಬೆಂದ ರೂಪವಲ್ಲ ಎಂದು ತೋರಿಸಿಕೊಟ್ಟಿದ್ದರು. ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ವಯಸ್ಸಿಗೆ ತಕ್ಕಂತೆ ಚಿತ್ರ ಬದಲಾಗುವ ಹಂತಗಳನ್ನು ವಿವರಿಸಿದರು. ಎರಡು ವರ್ಷದ ಮಗು ಗೀಚುತ್ತದೆ. ನಾಲ್ಕರ ಮಗು ಗುಂಡು ತಲೆಗೆ ನೇರ ಕಾಲು ಹಚ್ಚುತ್ತದೆ. ಏಳೆಂಟರ ಮಗು ಹಾಳೆಯ ಕೆಳಗೆ ಗೆರೆ ಎಳೆದು ಎಲ್ಲರನ್ನೂ ಅದರ ಮೇಲೆ ನಿಲ್ಲಿಸುತ್ತದೆ. ಮನೆ ಬರೆದರೆ ಗೋಡೆಯ ಮೂಲಕ ಒಳಗಿನವರೂ ಕಾಣುತ್ತಾರೆ. ಇದು ತಪ್ಪಲ್ಲ, ಮಗು ತನಗೆ ಗೊತ್ತಿರುವುದನ್ನೆಲ್ಲ ಹೇಳುವ ರೀತಿ. ತಿದ್ದಲು ಹೋದರೆ ಮಗು ತನ್ನ ಚಿತ್ರ ಬಿಟ್ಟು ನಮ್ಮ ಚಿತ್ರ ಬರೆಯಲು ಶುರು ಮಾಡುತ್ತದೆ.

ಶಂಕರ್ ಇಂಥ ಸಿದ್ಧಾಂತ ಗ್ರಂಥ ಬರೆದವರಲ್ಲ, ಶಾಲಾ ಶಿಕ್ಷಕರೂ ಅಲ್ಲ. ಆದರೆ ಅವರ ಸ್ಪರ್ಧೆ ಮಗುವಿಗೆ ವಿಷಯ ಹೇರಲಿಲ್ಲ. ಚಿತ್ರ ಮಗುವಿನ ಸ್ವಂತದ್ದಾಗಿರಬೇಕು, ಅಷ್ಟೇ. 1950ರ ದಶಕದಿಂದ ದೆಹಲಿಯಲ್ಲಿ ಮಕ್ಕಳನ್ನು ಒಂದೆಡೆ ಸೇರಿಸಿ ಸ್ಥಳದಲ್ಲೇ ಚಿತ್ರ ಬರೆಸುವ ಸ್ಪರ್ಧೆಯೂ ನಡೆಯತೊಡಗಿತು. ಅಲ್ಲಿ ಮೇಷ್ಟ್ರ ಕೈ ಸೇರುವ ಪ್ರಶ್ನೆಯೇ ಇಲ್ಲ. ತರಗತಿಯಲ್ಲಿ ಬೈಸಿಕೊಂಡ ಆ ಹುಡುಗ ಇದನ್ನು ಏರ್ಪಡಿಸಿದ್ದು ನನಗಂತೂ ಆಕಸ್ಮಿಕ ಎನಿಸುವುದಿಲ್ಲ.

ಮಕ್ಕಳ ಕಲೆಗೆ ಬಹುಮಾನ ಇಡುವುದೇ ಸರಿಯಲ್ಲ ಎಂಬ ವಾದವೂ ಇದೆ. ಲೋವೆನ್‌ಫೆಲ್ಡ್ ಅವರಿಗೇ ಸ್ಪರ್ಧೆಗಳು ಹಿಡಿಸುತ್ತಿರಲಿಲ್ಲ. ಈ ಮಾತಿನಲ್ಲಿ ಹುರುಳಿದೆ. ನಮ್ಮ ವಸಂತ್ ಕುಂಜ್‌ನ ಪಾಕೆಟ್‌ಗಳಲ್ಲಿ ಸಮಾರಂಭಗಳಿಗೆ ಚಿತ್ರ ಸ್ಪರ್ಧೆ ಇಟ್ಟರೆ ಬರುವ ಹಾಳೆಗಳನ್ನು ನೋಡಿ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಹೊಳೆ, ತೆಂಗಿನಮರ. ಟ್ಯೂಷನ್‌ನಲ್ಲಿ ಕಲಿಸಿಕೊಟ್ಟ ಚಿತ್ರ ಅದು. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ನೀರಿನ ಟ್ಯಾಂಕರು, ಅರಾವಳಿಯ ಕೀಕರ್ ಜಾಲಿ, ಬೆಳಿಗ್ಗೆ ಕೂಗುವ ನವಿಲು, ತಲೆಯ ಮೇಲೆ ಇಳಿಯುವ ವಿಮಾನ, ಇವು ಯಾವುವೂ ಹಾಳೆಗೆ ಬರುವುದಿಲ್ಲ. ಬಹುಮಾನದ ಆಸೆ ಮಗುವಿಗಿಂತ ತಂದೆತಾಯಿಗೇ ಹೆಚ್ಚು. ಹಾಗೆಂದು ಶಂಕರ್ ಅವರನ್ನು ದೂರುವಂತಿಲ್ಲ. ಡ್ರಾಯಿಂಗ್ ಎಂದರೆ ಹೊತ್ತು ಕಳೆಯುವ ಪೀರಿಯಡ್ ಎನ್ನುತ್ತಿದ್ದ ಕಾಲದಲ್ಲಿ, ಸ್ಪರ್ಧೆ ಎಂದರೆ ಮಾತ್ರ ಶಾಲೆಗಳು ಕಿವಿಗೊಡುತ್ತಿದ್ದವು.

ಗೊಂಬೆಗಳ ಕಥೆ ಶುರುವಾದದ್ದೂ ಈ ಸ್ಪರ್ಧೆಯಿಂದಲೇ. ಹಂಗೇರಿಯ ರಾಯಭಾರಿಯೊಬ್ಬರು ಒಂದು ಗೊಂಬೆ ಕೊಟ್ಟರು. ಶಂಕರ್‌ಗೆ ಅದರ ಗುಂಗು ಹಿಡಿಯಿತು. ವಿದೇಶಕ್ಕೆ ಹೋದಲ್ಲೆಲ್ಲ ಗೊಂಬೆ ತಂದು, ಮಕ್ಕಳ ಚಿತ್ರಗಳ ಜೊತೆ ಊರೂರಲ್ಲಿ ಪ್ರದರ್ಶಿಸಿದರು. ಕಟ್ಟುವುದು ಬಿಚ್ಚುವುದರಲ್ಲಿ ಗೊಂಬೆಗಳು ಮುರಿಯತೊಡಗಿದಾಗ, ಇವಕ್ಕೊಂದು ಖಾಯಂ ಮನೆ ಬೇಕೆಂದು ಸೂಚಿಸಿದವರು ಇಂದಿರಾ ಗಾಂಧಿ. 1965ರ ನವೆಂಬರ್ 30ರಂದು ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಅವರು ಸಂಗ್ರಹಾಲಯವನ್ನು ಉದ್ಘಾಟಿಸಿದರು. ಅದಕ್ಕೂ ಮೊದಲೇ, 1957ರಲ್ಲಿ, ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಹುಟ್ಟಿತ್ತು. ಕಡಿಮೆ ಬೆಲೆಗೆ ಒಳ್ಳೆಯ ಚಿತ್ರಗಳುಳ್ಳ ಮಕ್ಕಳ ಪುಸ್ತಕ ಕೊಡಬೇಕೆಂಬುದು ಅದರ ಉದ್ದೇಶ. ತಮ್ಮ ಬಾಲ್ಯವನ್ನು ನೆನೆದು ಶಂಕರ್ ತಾವೇ ಬರೆದು ಚಿತ್ರ ಬಿಡಿಸಿದ ಲೈಫ್ ವಿತ್ ಗ್ರ್ಯಾಂಡ್‌ಫಾದರ್ ಅಲ್ಲಿಂದಲೇ ಹೊರಬಂತು.

ತುರ್ತು ಪರಿಸ್ಥಿತಿ ಬಂದಾಗ, 1975ರ ಆಗಸ್ಟ್ 31ರ ಸಂಚಿಕೆಯೊಂದಿಗೆ ಶಂಕರ್ಸ್ ವೀಕ್ಲಿ ನಿಂತಿತು. ಮಕ್ಕಳ ಕೆಲಸ ನಿಲ್ಲಲಿಲ್ಲ. 1956ರಲ್ಲಿ ಪದ್ಮಶ್ರೀ, 1966ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. 1977ರಲ್ಲಿ ಪೋಲೆಂಡಿನ ಮಕ್ಕಳು ನಗುವಿನ ಹೆಸರಿನ ಗೌರವ ಪದಕ ನೀಡಿದರು. 1989ರ ಡಿಸೆಂಬರ್ 26ರಂದು ಶಂಕರ್ ನಿಧನರಾದರು.

2012ರಲ್ಲಿ ಅವರ ಹೆಸರು ಮತ್ತೆ ಕೇಳಿಬಂತು, ಶಾಲಾ ಪಠ್ಯಪುಸ್ತಕದ ಕಾರಣಕ್ಕೇ. ಸಂವಿಧಾನ ರಚನೆಯ ಕುರಿತ 1949ರ ಅವರ ವ್ಯಂಗ್ಯಚಿತ್ರವೊಂದು ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪುಸ್ತಕದಲ್ಲಿತ್ತು. ಅಂಬೇಡ್ಕರ್ ಅವರಿಗೆ ಅವಮಾನವೆಂದು ಸಂಸತ್ತಿನಲ್ಲಿ ಗದ್ದಲವೆದ್ದು, ಅದನ್ನು ಕೈಬಿಡುವ ತೀರ್ಮಾನವಾಯಿತು. ನೊಂದವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಹಳೆಯ ಚಿತ್ರವನ್ನು ಹೇಗೆ ನೋಡಬೇಕು, ಹೇಗೆ ಪ್ರಶ್ನಿಸಬೇಕು ಎಂದು ತರಗತಿಯಲ್ಲೇ ಕಲಿಸುವ ಅವಕಾಶ ತಪ್ಪಿತು ಎಂದು ನನ್ನ ಅನಿಸಿಕೆ.

ಎನ್‌ಸಿಇಆರ್‌ಟಿಯದೇ 2005ರ ಪಠ್ಯಕ್ರಮ ಚೌಕಟ್ಟಿನ ಕಲಾ ಸಮಿತಿ ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯವಾಗಬೇಕೆಂದು ಹೇಳಿತ್ತು. ಪರೀಕ್ಷೆ ಹತ್ತಿರ ಬಂದಾಗ ಡ್ರಾಯಿಂಗ್ ಪೀರಿಯಡ್ ಯಾರ ಪಾಲಾಗುತ್ತದೆ ಎಂದು ಗಣಿತದ ಮೇಷ್ಟ್ರನ್ನು ಕೇಳಿದರೆ ಸಾಕು.

ಗೊಂಬೆಗಳ ಸಂಗ್ರಹಾಲಯದಲ್ಲಿ ಎಂಬತ್ತಕ್ಕೂ ಹೆಚ್ಚು ದೇಶಗಳ ಆರು ಸಾವಿರಕ್ಕೂ ಮಿಕ್ಕಿ ಗೊಂಬೆಗಳಿವೆ. ನಮ್ಮ ಕಡೆಯಿಂದ ಹೋಗುವವರು ಮೆಟ್ರೋದಲ್ಲಿ ಐಟಿಒ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಸೋಮವಾರ ರಜೆ.